ಕೊಟ್ಟ ಹೆಣ್ಣಿನ ಊರು

ಅಜ್ಜಂಪುರದ ಪೇಟೆ ಬೀದಿಯಲ್ಲಿ ಶೇಂಗಾ, ಹತ್ತಿ ವ್ಯಾಪಾರ ಮಾಡಿಕೊಂಡಿದ್ದ ಸೋಮಶೇಖರಪ್ಪನವರ ಹಿರಿಯ ಮಗಳು ಮಲ್ಲಿಕಾಂಬಳನ್ನು ಗಂಡನ ಊರಾದ ರಾಯದುರ್ಗದಲ್ಲಿ ‘ಅಜ್ಜಂಪುರದಮ್ಮ’ ಅಂತ ಕರೆಯುತ್ತಿದ್ದರು, ಅಜ್ಜಂಪುರಕ್ಕೆ ಬಂದರೆ ‘ರಾಯದುರ್ಗದಮ್ಮ’ ಅನ್ನುತ್ತಿದ್ದರು. ಇದರಲ್ಲಿ ಕುಹಕವೇನೂ ಇಲ್ಲ. ಲಗ್ನವಾದ ಹೆಣ್ಣನ್ನು ಈ ಊರಿನವರು ಆ ಊರಿನ ಹೆಸರಿನಿಂದ, ಆ ಊರಿನವರು ಈ ಊರಿನ ಹೆಸರಿನಿಂದ ಕರೆಯುವುದು ನಮ್ಮಲ್ಲಿ ಇದ್ದದ್ದೇ. ಆದರೆ ಮಲ್ಲಿಕಾಂಬಳ ಮಟ್ಟಿಗೆ ಅದು ಬರೀ ಕರೆಯುವ ಮಾತಾಗಿ ಉಳಿಯಲಿಲ್ಲ. ಸರ್ಕಾರವೂ ಅದನ್ನೇ ಹೇಳಿತು, ಮೊಹರು ಒತ್ತಿ ಹೇಳಿತು.

ಊರಾಚೆ ಅಮೃತಮಹಲ್ ದನಗಳು ಮೇಯುವ ಕಾವಲಿದೆಯಲ್ಲ, ಅಲ್ಲಿ ಒಮ್ಮೆ ಹಸುವೊಂದು ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಹಾಕಿಕೊಂಡು ಎರಡು ದಿನ ಒದ್ದಾಡಿತ್ತು. ಡಾಕ್ಟರು ಅಂಗಿ ಕಳಚಿಟ್ಟು ಭುಜದ ತನಕ ಕೈ ಹಾಕಿ ಕರುವನ್ನು ಎಳೆದದ್ದನ್ನು ನೋಡಲಾರದೆ ಹೆಂಗಸರೆಲ್ಲ ಮುಖಕ್ಕೆ ಸೆರಗು ಹಾಕಿಕೊಂಡು ಹೊರಟುಹೋದರು. ಲಂಗ ತೊಟ್ಟ ಮಲ್ಲಿಕಾಂಬ ಮಾತ್ರ ಕರು ಎದ್ದು ನಿಲ್ಲುವ ತನಕ ಅಲ್ಲೇ ಇದ್ದಳು. ಮನೆಗೆ ಬಂದು ತಾನು ದನದ ಡಾಕ್ಟರಾಗುತ್ತೇನೆ ಅಂದಳು. ಅಪ್ಪ ನಕ್ಕರು. ತಾಯಿ ಕಾಶಮ್ಮ, ಹೆಣ್ಣುಹುಡುಗಿ ಬಾಯಲ್ಲಿ ಎಂಥಾ ಮಾತು ಅಂತ ತಲೆಗೆ ಮೊಟಕಿದಳು. ಮಕ್ಕಳ ಇಂಥ ಮಾತು ಮಳೆಗಾಲ ಕಳೆಯುವುದರೊಳಗೆ ಮರೆತುಹೋಗುತ್ತದೆ. ಇವಳದು ಹೋಗಲಿಲ್ಲ.

ತರೀಕೆರೆಗೆ ಬಸ್ಸಿನಲ್ಲಿ ಓಡಾಡಿಕೊಂಡು ಪಿಯುಸಿ ಮುಗಿಸಿದಳು. ಅದು ಎಪ್ಪತ್ತಾರನೇ ಇಸವಿ. ಅಂಕಗಳು ಚೆನ್ನಾಗಿಯೇ ಬಂದವು. ಬೆಂಗಳೂರಿನ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಗುವುದು ಖಾತ್ರಿ ಅಂತ ಮೇಷ್ಟ್ರುಗಳೆಲ್ಲ ಹೇಳಿದರು. ಆಗ ಮನೆಯಲ್ಲಿ ಚಿಂತೆ ಹತ್ತಿಕೊಂಡಿತು. ಮದುವೆಯಾಗದ ಹುಡುಗಿಯನ್ನು ಐದು ವರ್ಷ ಬೆಂಗಳೂರಿನ ಹಾಸ್ಟೆಲಿನಲ್ಲಿ ಬಿಟ್ಟರೆ ಪೇಟೆ ಬೀದಿಯ ಬಾಯಿಗೆ ಬೀಗ ಹಾಕುವವರು ಯಾರು? ಬೀಗ ಕಾಶಮ್ಮನ ಹತ್ತಿರ ಇತ್ತು. ಅವಳ ತವರು ರಾಯದುರ್ಗ. ಅಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಅವಳ ಕೊನೆಯ ತಮ್ಮ ಷಡಕ್ಷರಿಗೆ ಇನ್ನೂ ಲಗ್ನವಾಗಿರಲಿಲ್ಲ. ಅಕ್ಕನ ಮಗಳು ತಮ್ಮನಿಗೆ, ಅದು ಹುಟ್ಟಿದಾಗಲೇ ಗೊತ್ತಾದ ಲೆಕ್ಕ. ಈಗಲೇ ತಾಳಿ ಕಟ್ಟಿಬಿಡಲಿ, ಓದು ಮುಗಿಯುವ ತನಕ ಹುಡುಗಿ ತವರಿನಲ್ಲೇ ಇರಲಿ, ಸಂಸಾರ ಆಮೇಲೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವುದು ಇದಕ್ಕೇ. ಷಡಕ್ಷರಿ ಒಳ್ಳೆಯ ಮನುಷ್ಯ, ಓದಲಿ ಬಿಡಕ್ಕ ಅಂದ. ಮಲ್ಲಿಕಾಂಬಳಿಗೆ ಮಾವನ ಮೇಲೆ ಆಸೆಯೂ ಇರಲಿಲ್ಲ, ಬೇಸರವೂ ಇರಲಿಲ್ಲ. ಕಾಲೇಜಿಗೆ ಕೊಡಬೇಕಾದ ಬಾಡಿಗೆ ಅಂದುಕೊಂಡು ಪಂಚಕಳಶದ ಮುಂದೆ ಕೂತು ಕತ್ತು ಬಾಗಿಸಿದಳು.

ಸೀಟು ಬಂತು. ಜೊತೆಗೆ, ಹತ್ತು ವರ್ಷದಿಂದ ಈ ರಾಜ್ಯದಲ್ಲೇ ವಾಸವಿದ್ದಾಳೆಂದು ತಾಲ್ಲೂಕು ಕಚೇರಿಯಿಂದ ವಾಸದ ಸರ್ಟಿಫಿಕೇಟು ತರಬೇಕೆಂಬ ಸೂಚನೆಯೂ ಬಂತು. ತಂದರೆ ನಮ್ಮ ರಾಜ್ಯದ ಮಕ್ಕಳು ಕಟ್ಟುವ ಫೀಜು. ಇಲ್ಲದಿದ್ದರೆ ಹೊರರಾಜ್ಯದವರ ಫೀಜು, ಅದು ಅದರ ಹಲವು ಪಟ್ಟು, ಪ್ರತಿ ವರ್ಷವೂ. ಅಷ್ಟು ಸುರಿದು ಹೆಣ್ಣು ಓದಿಸುವ ಮನೆ ಆಗ ಅಜ್ಜಂಪುರದಲ್ಲಿ ಒಂದೂ ಇರಲಿಲ್ಲ. ಇದೇನು ಮಹಾ, ಹುಟ್ಟಿದ್ದು ಇಲ್ಲೇ, ಬೆಳೆದಿದ್ದು ಇಲ್ಲೇ ಅಂತ ಸೋಮಶೇಖರಪ್ಪನವರು ತರೀಕೆರೆಗೆ ಹೋಗಿ, ಗಂಡನ ಹೆಸರು, ಊರು ಎಲ್ಲ ಇದ್ದದ್ದಿದ್ದ ಹಾಗೆ ಬರೆದು ಅರ್ಜಿ ಕೊಟ್ಟು ಬಂದರು.

ಅರ್ಜಿ ತಿರುಗಿ ಬಂತು. ಹುಡುಗಿಗೆ ಮದುವೆಯಾಗಿದೆ, ಗಂಡನ ವಾಸ ಆಂಧ್ರದ ರಾಯದುರ್ಗ, ಹೆಂಡತಿಯ ವಾಸ ಗಂಡನ ವಾಸವೇ, ಆದ್ದರಿಂದ ಈಕೆ ಈ ರಾಜ್ಯದವಳಲ್ಲ. ಇಷ್ಟೇ ಬರೆದಿತ್ತು. ರಾಯದುರ್ಗದಲ್ಲೂ ಮನೆಮಾತು ಕನ್ನಡವೇ, ಮಲ್ಲಿಕಾಂಬ ಅಲ್ಲಿ ಹಬ್ಬಕ್ಕೆ ನಾಲ್ಕು ದಿನ ಇದ್ದದ್ದು ಬಿಟ್ಟರೆ ಬೇರೆ ಇಲ್ಲ. ಅದನ್ನೆಲ್ಲ ಕೇಳುವವರು ಯಾರು? ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರು. ಅಜ್ಜಿಯರ ಒಂದು ಮಾತನ್ನೂ ಕೇಳದ ಸರ್ಕಾರ ಇದೊಂದನ್ನು ಮಾತ್ರ ಶಿರಸಾ ವಹಿಸಿ ಪಾಲಿಸಿತ್ತು. ಊರ ಬಾಯಿ ಮುಚ್ಚಿಸಲು ಕಟ್ಟಿದ ತಾಳಿ ಕಾಲೇಜಿನ ಬಾಗಿಲು ಮುಚ್ಚಿಸಿತು. ಗಣೇಶನ ಮಾಡಲು ಹೋಗಿ ಅವರಪ್ಪನ ಮಾಡಿದರು ಅಂದರೆ ಇದೇ.

ಕಚೇರಿಯ ಗುಮಾಸ್ತರೊಬ್ಬರು ಒಂದು ದಾರಿ ತೋರಿಸಿದರು. ಲಗ್ನಕ್ಕೆ ಕಾಗದಪತ್ರ ಏನೂ ಇಲ್ಲವಲ್ಲ. ಹೊಸ ಅರ್ಜಿ ಕೊಡಿ, ಹುಡುಗಿಯನ್ನು ಕರೆದುಕೊಂಡು ಬನ್ನಿ, ಅಮಲ್ದಾರರು ತಂದೆಯನ್ನು ಬಾಯಿಮಾತಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ, ಮದುವೆ ಆಗಿಲ್ಲ ಅಂದರೆ ಮುಗಿಯಿತು, ಸಹಿ ಹಾಕಿಬಿಡುತ್ತಾರೆ. ಸುದ್ದಿ ತಿಳಿದು ಷಡಕ್ಷರಿಯೇ ಬಸ್ಸು ಹತ್ತಿ ಬಂದ. ಆಗಿಲ್ಲ ಅಂದರೆ ಆದದ್ದು ಹರಿದುಹೋಗುತ್ತದೆಯೇ, ಹೇಳಿಬಿಡಿ ಭಾವ ಅಂದ. ಕಟ್ಟಿದವನೇ ಹಾಗಂದ ಮೇಲೆ ಯಾರೂ ಏನೂ ಅನ್ನುವ ಹಾಗಿರಲಿಲ್ಲ. ಸೋಮಶೇಖರಪ್ಪನವರು ಹ್ಞೂಂ ಅಂದರು.

ತರೀಕೆರೆ ಬಸ್ ಸ್ಟ್ಯಾಂಡಿನ ಗೋಡೆಯ ಮರೆಯಲ್ಲಿ ಕಾಶಮ್ಮ ಶಿವಶಿವಾ ಅನ್ನುತ್ತ ಮಗಳ ತಾಳಿ ಬಿಚ್ಚಿ ತನ್ನ ಸೆರಗಿನ ಗಂಟಿಗೆ ಹಾಕಿಕೊಂಡಳು.  ಮಲ್ಲಿಕಾಂಬಳಿಗೆ ಮಾತ್ರ ಕುತ್ತಿಗೆ ಹಗುರಾಯಿತು. ಅವತ್ತು ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು. ಕಚೇರಿಗೆ ನಡೆಯುತ್ತ ಬೆಂಗಳೂರಿಗೆ ಯಾವ ಟ್ರಂಕು ಒಯ್ಯುವುದು ಅಂತ ಯೋಚಿಸುತ್ತಿದ್ದಳು.

ಅಮಲ್ದಾರರು ಕೆಟ್ಟವರಲ್ಲ. ಅಂಕಗಳನ್ನು ನೋಡಿ ಹುಡುಗಿಯನ್ನು ಹೊಗಳಿದರು. ಆಮೇಲೆ ತಲೆಯೆತ್ತದೆಯೇ ತಂದೆಯನ್ನು ಕೇಳಿದರು, ಮಗಳಿಗೆ ಮದುವೆ ಆಗಿದೆಯೇ ಅಂತ.

ಸೋಮಶೇಖರಪ್ಪನವರ ಬಾಯಿ ತೆರೆದುಕೊಂಡಿತು, ಮಾತು ಬರಲಿಲ್ಲ. ಪೇಟೆಯಲ್ಲಿ ಅವರ ಮಾತಿಗೆ ಬೆಲೆಯಿತ್ತು. ಒಮ್ಮೆ ಕೊಟ್ಟೆ ಅಂದ ಮಾಲನ್ನು ದರ ಏರಿದರೂ ಹಿಂದಕ್ಕೆ ತೆಗೆದುಕೊಂಡವರಲ್ಲ. ಮಲ್ಲಿಕಾಂಬ ಅಪ್ಪನ ಮುಖ ನೋಡಿದಳು. ಇಲ್ಲ ಅನ್ನುವ ಒಂದು ಮಾತು. ಅಷ್ಟೇ ಬೇಕಾಗಿದ್ದದ್ದು.

“ಕೊಟ್ಟಿದ್ದೀನಿ ಸ್ವಾಮಿ. ಗುರುಗಳ ಮುಂದೆ ಕೊಟ್ಟಿದ್ದೀನಿ. ಇಲ್ಲ ಅನ್ನಕ್ಕೆ ಬಾಯಿ ಬರಲ್ಲ.”

ಅಮಲ್ದಾರರು ಪೆನ್ನಿನ ಟೋಪಿ ಹಾಕಿದರು. ನಿಮ್ಮಂಥವರು ಅಪರೂಪ ಅಂತಲೂ ಅಂದರು. ಊರಲ್ಲೂ ಅದೇ ಮಾತಾಯಿತು. ಮಗಳ ಸೀಟು ಹೋದರೂ ಸೋಮಶೇಖರಪ್ಪ ಸುಳ್ಳು ಹೇಳಲಿಲ್ಲ ಅಂತ ಮಠದ ಜಗಲಿಯಲ್ಲಿ, ಅಂಗಡಿ ಕಟ್ಟೆಯಲ್ಲಿ ಎಷ್ಟೋ ದಿನ ಕೊಂಡಾಡಿದರು. ಸತ್ಯ ಹೇಳಿದ ಪುಣ್ಯವೆಲ್ಲ ಅಪ್ಪನ ಪಾಲಿಗೆ ಬಂತು. ಅದಕ್ಕೆ ತೆತ್ತವಳು ಯಾರು ಅಂತ ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಕಾಶಮ್ಮ ಗಂಟು ಬಿಚ್ಚಿ ತಾಳಿ ತೆಗೆದಳು. ಮಲ್ಲಿಕಾಂಬ ಜಡೆ ಎತ್ತಿಕೊಡಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಮಲಗಿದ ಕೂಸಿಗೆ ಅಂಗಿ ತೊಡಿಸುವ ಹಾಗೆ ತಾಯಿಯೇ ಜಡೆ ಸರಿಸಿ ಕಟ್ಟಬೇಕಾಯಿತು. ಅಳು ಬರಬಹುದು ಅಂತ ಮಲ್ಲಿಕಾಂಬ ಸ್ವಲ್ಪ ದೂರ ಕಾದು ನೋಡಿದಳು. ಬರಲಿಲ್ಲ. ಅಜ್ಜಂಪುರ ಬಂತು, ಇಳಿದಳು.

ತವರಿನಲ್ಲಿ ಇರುವ ನೆಪ ಮುಗಿದಿದ್ದರಿಂದ ಅದೇ ವರ್ಷ ಅವಳನ್ನು ರಾಯದುರ್ಗಕ್ಕೆ ಕಳಿಸಿದರು. ಷಡಕ್ಷರಿ ಸುಮ್ಮನೆ ಕೂರುವ ಆಸಾಮಿಯಲ್ಲ. ಈಗ ಇವಳು ಆಂಧ್ರದವಳೇ ತಾನೇ, ಇಲ್ಲಿನ ಕಾಲೇಜಿಗೆ ಸೇರಿಸೋಣ ಅಂತ ಅನಂತಪುರಕ್ಕೆ ಓಡಾಡಿ ವಿಚಾರಿಸಿದ. ಅಲ್ಲಿಯ ನಿಯಮ ಬೇರೆ. ಗಂಡ ಯಾವೂರವನಾದರೂ ಸರಿ, ಹುಡುಗಿ ಕೊನೆಯ ನಾಲ್ಕು ವರ್ಷ ಇಲ್ಲೇ ಓದಿರಬೇಕು, ಓದಿಲ್ಲದಿದ್ದರೆ ಸ್ಥಳೀಯಳಲ್ಲ. ಈ ಕಡೆಯ ಸರ್ಕಾರ ಗಂಡನನ್ನು ನೋಡಿತು, ಆ ಕಡೆಯ ಸರ್ಕಾರ ಓದನ್ನು ನೋಡಿತು. ಅವಳನ್ನು ನೋಡಿದವರು ಯಾರೂ ಇಲ್ಲ. ಷಡಕ್ಷರಿ ಇದನ್ನು ಹೇಳಲಾರದೆ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ಹೌದಾ ಅಂದು ಅಕ್ಕಿ ಆರಿಸುವುದನ್ನು ಮುಗಿಸಿದಳು.

ಆಮೇಲಿನ ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಇಬ್ಬರು ಗಂಡುಮಕ್ಕಳಾದರು. ಗಂಡ ಒಂದು ದಿನವೂ ಏರುದನಿಯಲ್ಲಿ ಮಾತಾಡಲಿಲ್ಲ. ಅಂಗಡಿಯ ಹುಣಸೆ, ಮೆಣಸಿನಕಾಯಿಯ ವಾಸನೆ ಸೀರೆಗೆ ಹತ್ತಿಕೊಂಡಿತು. ಸುಖವಾಗಿದ್ದೀಯೇನೇ ಅಂತ ಕೇಳಿದವರಿಗೆ ಇದ್ದೀನಿ ಅನ್ನುತ್ತಿದ್ದಳು, ಅದು ಸುಳ್ಳೂ ಅಲ್ಲ. ಹಬ್ಬಕ್ಕೆ ಅಜ್ಜಂಪುರಕ್ಕೆ ಬಂದರೆ ಬಸ್ಸು ಕಾವಲಿನ ಪಕ್ಕ ಹಾಯುವಾಗ ಮಕ್ಕಳು ಉದ್ದ ಕೊಂಬಿನ ದನಗಳನ್ನು ನೋಡಿ ಕೂಗುತ್ತಿದ್ದವು. ಅವಳು ಎದುರಿನ ಸೀಟಿನ ಕಂಬಿ ನೋಡಿಕೊಂಡು ಕೂತಿರುತ್ತಿದ್ದಳು. ಬೇಕೆಂದು ಮುಖ ತಿರುಗಿಸಿದ್ದಲ್ಲ, ನೋಡಬೇಕು ಅನ್ನಿಸುತ್ತಲೇ ಇರಲಿಲ್ಲ. ಅಪ್ಪನ ಮೇಲೆ ಸಿಟ್ಟೂ ಇರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಾಗಿರುತ್ತಿತ್ತು ಅಂತ ಸೋಮಶೇಖರಪ್ಪನವರೇ ಒಮ್ಮೆ ಕಾಶಮ್ಮನ ಹತ್ತಿರ ಹೇಳಿಕೊಂಡಿದ್ದರು.

ಎಂಬತ್ತೈದರಲ್ಲಿ ತಂಗಿ ಸರ್ವಮಂಗಳ ಪಿಯುಸಿ ಮುಗಿಸಿದಳು. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತೇನೆ ಅಂದಳು. ಕಾಶಮ್ಮ ಹಳೆಯ ಬೀಗವನ್ನೇ ಮತ್ತೆ ತೆಗೆದಳು. ಸಿಂಗಟಗೆರೆಯಲ್ಲಿ ಒಂದು ಗಂಡು ನೋಡಿಟ್ಟಿದ್ದಳು, ತಾಳಿಯೊಂದು ಬಿದ್ದರೆ ಆಮೇಲೆ ಎಲ್ಲಿ ಬೇಕಾದರೂ ಓದಲಿ. ಹಬ್ಬಕ್ಕೆ ಬಂದಿದ್ದ ಮಲ್ಲಿಕಾಂಬಳಿಗೂ ಅದನ್ನು ಸಮಾಧಾನದ ಮಾತಿನ ಹಾಗೆ ಹೇಳಿದಳು. “ಈ ಸಲ ಗಡಿ ದಾಟಿಲ್ಲ ಕಣೇ. ಕಡೂರು ತಾಲ್ಲೂಕು. ಅದೇನೂ ತೊಂದ್ರೆ ಆಗಲ್ಲ.”

ಮಲ್ಲಿಕಾಂಬ ಮಗನಿಗೆ ಅನ್ನ ಕಲಸುತ್ತಿದ್ದಳು. ದನಿ ಏರಿಸದೆ ಅಂದಳು:

“ಅವಳಿಗೆ ಈಗ ತಾಳಿ ಕಟ್ಟಿದ್ರೆ, ನಾನು ಇನ್ನು ಈ ಹೊಸಲು ತುಳಿಯಲ್ಲಮ್ಮ.”

ಒಂಬತ್ತು ವರ್ಷದಲ್ಲಿ ಅವಳು ಆ ಮನೆಯಲ್ಲಿ ಬೇಕು ಬೇಡ ಅಂತ ಆಡಿದ ಮೊದಲ ಮಾತು ಅದು. ಕಾಶಮ್ಮ ಗಂಡನ ಕಡೆ ನೋಡಿದಳು. ಉಬ್ಬಸದಿಂದ ಹಾಸಿಗೆ ಹಿಡಿದಿದ್ದ ಸೋಮಶೇಖರಪ್ಪನವರು ಗೋಡೆ ಕಡೆ ಹೊರಳಿ, ಅವಳು ಹೇಳಿದ ಹಾಗೇ ಆಗಲಿ ಅಂದರು. ಸಿಂಗಟಗೆರೆಯ ಮಾತು ಅಲ್ಲಿಗೆ ನಿಂತಿತು.

ಅಪ್ಪ ಏಳುವ ಹಾಗಿರಲಿಲ್ಲವಾದ್ದರಿಂದ ವಾಸದ ಸರ್ಟಿಫಿಕೇಟಿಗೆ ತಂಗಿಯನ್ನು ತರೀಕೆರೆಗೆ ಕರೆದೊಯ್ದದ್ದು ಮಲ್ಲಿಕಾಂಬಳೇ. ಅದೇ ಕಚೇರಿ, ಅದೇ ಜಗಲಿ. ಗುಮಾಸ್ತ ಹೊಸಬ. ಕಾಗದಗಳೆಲ್ಲ ಸರಿಯಾಗಿದ್ದವು, ಹುಡುಗಿಯನ್ನು ಚಿಕ್ಕಂದಿನಿಂದ ಬಲ್ಲ ಈ ತಾಲ್ಲೂಕಿನವರೊಬ್ಬರ ಸಾಕ್ಷಿ ಸಹಿ ಬೇಕು, ಅಷ್ಟೇ ಬಾಕಿ ಅಂದ. ಮಲ್ಲಿಕಾಂಬ ಪೆನ್ನಿಗೆ ಕೈ ಚಾಚಿದಳು. ಬಾಣಂತನದಲ್ಲಿ ತಾಯಿ ಜ್ವರದಿಂದ ಮಲಗಿದ್ದಾಗ ಈ ತಂಗಿಯನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ಹುಡುಗಿಯ ಮೊಣಕೈ ಮೇಲಿನ ಗಾಯದ ಗುರುತು ಹೇಗಾಯಿತು ಅಂತ ಕೇಳಿದರೆ ಅದನ್ನೂ ಹೇಳುತ್ತಿದ್ದಳು. ಗುಮಾಸ್ತ ಅದನ್ನು ಕೇಳಲಿಲ್ಲ, ನಿಮ್ಮ ವಿಳಾಸ ಎಲ್ಲಿ ಅಂತ ಕೇಳಿದ. ರಾಯದುರ್ಗ ಅಂದಳು.

ಹಾಗಾದರೆ ಆಗುವುದಿಲ್ಲ, ಹೊರರಾಜ್ಯದವರ ಸಾಕ್ಷಿ ನಡೆಯುವುದಿಲ್ಲ, ಸ್ಥಳೀಯರು ಯಾರನ್ನಾದರೂ ಕರೆದುಕೊಂಡು ಬನ್ನಿ ಅಂದ. ಕೆಟ್ಟದಾಗಿ ಹೇಳಲಿಲ್ಲ. ತಂಗಿ ಜಗಳಕ್ಕೆ ಮುಂದಾದಳು. ಮಲ್ಲಿಕಾಂಬ ಅವಳ ತೋಳು ಹಿಡಿದು ಹಿಂದಕ್ಕೆ ಎಳೆದಳು. ಮಧ್ಯಾಹ್ನದ ಮೇಲೆ ಸಾಹೇಬರು ಸಿಗುವುದಿಲ್ಲ, ನಾಳೆ ಕಾಲೇಜಿನಲ್ಲಿ ಕೊನೆಯ ದಿನ. ಜಗಳಕ್ಕೆ ವೇಳೆ ಇರಲಿಲ್ಲ.

ಜಗಲಿಯ ಮೇಲೆ ಲಿಂಗದಹಳ್ಳಿ ಕಡೆಯ ರೈತ ಬೆನಕಪ್ಪ ಅನ್ನುವವನು ಖಾತೆ ಬದಲಾವಣೆಗೆ ಬಂದು ಬೆಳಗಿನಿಂದ ಕಾಯುತ್ತ ಕೂತಿದ್ದ. ಮಲ್ಲಿಕಾಂಬ ಹೋಗಿ ಕೇಳಿದಳು. ವಿದ್ಯೆಗೆ ಅಂದ ಮೇಲೆ ಇಲ್ಲ ಅನ್ನುವುದುಂಟೇ ಅಂತ ಅವನು ಎದ್ದು ಬಂದು, ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ತಾನು ಕಣ್ಣಲ್ಲೂ ಕಂಡಿರದ ಹುಡುಗಿಯನ್ನು ಹುಟ್ಟಿದಾಗಿನಿಂದ ಬಲ್ಲೆ ಅನ್ನುವ ಬರಹದ ಕೆಳಗೆ ನಿಧಾನವಾಗಿ ಸಹಿ ಮಾಡಿದ. ಅಪ್ಪನ ಬಾಯಿಗೆ ಬಾರದೆ ಹೋದಂಥ ಸುಳ್ಳು ಇವನ ಕೈಗೆ ಎಷ್ಟು ಸಲೀಸಾಗಿ ಬಂತು ಅಂತ ಮಲ್ಲಿಕಾಂಬ ನೋಡುತ್ತ ನಿಂತಿದ್ದಳು. ಮೊಹರು ಬಿತ್ತು. ಸರ್ವಮಂಗಳ ಕಾಗದವನ್ನು ಎದೆಗವಚಿಕೊಂಡಳು. ಅವಳಿಗೆ ನಮ್ಮ ರಾಜ್ಯದವರ ಫೀಜು.

ಮಲ್ಲಿಕಾಂಬಳಿಗೆ ಆಗ ಸಂತೋಷ ಆಗಬೇಕಿತ್ತು, ಆಗಲಿಲ್ಲ. ಹೊಟ್ಟೆಕಿಚ್ಚಾದರೂ ಆದೀತು ಅಂದುಕೊಂಡಳು, ಅದೂ ಆಗಲಿಲ್ಲ. ಕೆಲಸ ಆಯಿತು ಅನ್ನಿಸಿತು. ಬೆನಕಪ್ಪನಿಗೆ ಕೈ ಮುಗಿದಳು. ಅವನು ಮತ್ತೆ ತನ್ನ ಜಾಗದಲ್ಲಿ ಕೂರುತ್ತ, ಮಾತಿಗೆ ಅನ್ನುವ ಹಾಗೆ, ಮಗು ನಿಮಗೇನಾಗಬೇಕು ಅಂತ ಕೇಳಿದ. ತಂಗಿ ಅಂದಳು.

“ನಿಮ್ಮದು ಯಾವೂರಮ್ಮ ಹಂಗಾದ್ರೆ?”

“ಅಜ್ಜಂಪುರ ಕಣಪ್ಪ.”

ಅವನು ತಲೆ ಕೆರೆದುಕೊಂಡ.

“ಒಡಹುಟ್ಟಿದೋರು, ಇದೇ ತಾಲ್ಲೂಕು. ನೀವೇ ಹಾಕ್ಬೋದಿತ್ತಲ್ಲಮ್ಮ ಸಹಿ?”

ನಾನು ಈ ರಾಜ್ಯದವಳಲ್ಲ ಅನ್ನಲು ಮಲ್ಲಿಕಾಂಬ ಬಾಯಿ ತೆರೆದಳು. ಒಂಬತ್ತು ವರ್ಷದ ಹಿಂದೆ ಇದೇ ಕಚೇರಿಯಲ್ಲಿ ಅಪ್ಪನ ಬಾಯಿ ತೆರೆದುಕೊಂಡೇ ಉಳಿದಿತ್ತಲ್ಲ, ಹಾಗೆಯೇ ಒಂದು ಕ್ಷಣ ನಿಂತಳು. ಸರ್ವಮಂಗಳ ಅಕ್ಕನ ಮುಖ ನೋಡಿದವಳು ಕಾಗದವನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳ ಕೈ ಹಿಡಿದಳು. ಇಬ್ಬರೂ ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆಗೆ ನಡೆದರು.