ಕಾವೇರಿಗೋ ಪಿನಾಕಿನಿಗೋ

ಕುಮಾರಸ್ವಾಮಿ ಲೇಔಟ್‌ನ ಒಂದು ಪ್ರೌಢಶಾಲೆಯಲ್ಲಿ ನಾನು ಭೂಗೋಳ ಪಾಠ ಮಾಡುತ್ತೇನೆ. ಒಂದು ಮಳೆಗಾಲದಲ್ಲಿ ಒಂಬತ್ತನೇ ತರಗತಿಗೆ ಜಲವಿಭಾಜಕದ ಬಗ್ಗೆ ಹೇಳುತ್ತಿದ್ದೆ. ಅಮೆರಿಕದ ರಾಕಿ ಪರ್ವತಗಳಲ್ಲಿ ಒಂದು ಪುಟ್ಟ ತೊರೆ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲಿನ ನೀರು ಕೊನೆಗೆ ಪೆಸಿಫಿಕ್ ಸಾಗರ ಸೇರಿದರೆ ಇನ್ನೊಂದರದು ಅಟ್ಲಾಂಟಿಕ್ ಸೇರುತ್ತದೆ ಎಂದೆ. ಮಕ್ಕಳು ಬೆರಗಾದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಮುಖ ಸಪ್ಪಗೆ ಮಾಡಿಕೊಂಡಳು.

"ನಮ್ಮೂರಲ್ಲಿ ಅಂಥದ್ದೇನೂ ಇಲ್ಲ ಅಲ್ವಾ ಮಿಸ್? ಬರೀ ಟ್ರಾಫಿಕ್ಕು."

"ಇದೆ. ಸ್ಕೂಲ್ ಹಿಂದಿನ ರಸ್ತೇಲೇ ಇದೆ."

ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ಮಳೆ ತುಂತುರಿಗೆ ಇಳಿದದ್ದೇ ತಡ, ಇಡೀ ತರಗತಿಯನ್ನು ಆ ರಸ್ತೆಯ ದಿಣ್ಣೆಗೆ ಕರೆದೊಯ್ದೆ. ಅಲ್ಲಿ ಬಿದ್ದ ನೀರು ಎರಡು ಕಡೆಗೂ ಇಳಿಯುತ್ತಿತ್ತು. ಪಡುವಣಕ್ಕೆ ಹೋದದ್ದು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ. ಮೂಡಣಕ್ಕೆ ಹೋದದ್ದು ಕೆರೆ, ರಾಜಕಾಲುವೆಗಳನ್ನು ದಾಟಿ ದಕ್ಷಿಣ ಪಿನಾಕಿನಿಗೆ. ಮಕ್ಕಳು ಉದುರಿದ ಹೊಂಗೆ ಎಲೆಗಳನ್ನು ಎರಡೂ ಕಡೆಗೆ ತೇಲಿಬಿಟ್ಟು ಹಿಂದೆಯೇ ಓಡಿದರು. ಅಷ್ಟರಲ್ಲಿ ಮಳೆ ಮತ್ತೆ ಜೋರಾಗಿ ಎಲ್ಲರೂ ತೊಯ್ದು ತೊಪ್ಪೆಯಾದೆವು.

ಮರುದಿನ ಕರೆ ಬಂತೆಂದು ಹೋದರೆ ಆ ಹುಡುಗಿಯ ತಂದೆ ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಕೂತಿದ್ದರು. ದಿಣ್ಣೆಯ ಮೂಡಣಕ್ಕಿರುವ ಜೆ.ಪಿ. ನಗರದ ಕಡೆಯವರು, ತಮ್ಮ ಹಿರಿಯರ ಹೊಲವಿದ್ದ ಜಾಗದಲ್ಲೇ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟಿದ್ದವರು.

"ಮಳೇಲಿ ಮಕ್ಕಳನ್ನ ರೋಡಿಗೆ ಕರ್ಕೊಂಡು ಹೋಗ್ತಾರಾ ಮೇಡಂ? ನೆಗಡಿ ಆಗಿ ಮಲ್ಕೊಂಡಿದಾಳೆ."

"ನೆಂದಿದ್ದು ನಿಜ ಸಾರ್. ಮನೇಲಿ ಏನು ಹೇಳಿದ್ಲು?" ಎಂದೆ.

ಅವರು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿದರು. "ಅದೇ ಕಷ್ಟ. ನಮ್ಮನೆ ನೀರು ಎಲ್ಲಿಗೆ ಹೋಗುತ್ತೆ ಅಂತ ರಾತ್ರಿಯೆಲ್ಲ ತಲೆ ತಿಂದ್ಲು. ಎಲ್ಲಿಗೆ ಮೇಡಂ?"

"ಪಿನಾಕಿನಿಗೆ."

"ನಲ್ಲೀಲಿ ಬರೋದು ಕಾವೇರಿ ಅಲ್ವಾ?"

"ಬರೋದು ಕಾವೇರಿ. ನೀವು ಬಳಸಿ ಬಿಟ್ಟಿದ್ದು ಹೋಗೋದು ಪಿನಾಕಿನಿಗೆ."

ಒಂದು ನದಿಯನ್ನು ದೂರದ ತಗ್ಗಿನಿಂದ ಮೇಲಕ್ಕೆತ್ತಿ ತಂದು ಇನ್ನೊಂದರ ಪಾಲಿಗೆ ಸುರಿಯುವ ಊರು ನಮ್ಮದು ಎಂದು ವಿವರಿಸಿದೆ. ಮುಖ್ಯೋಪಾಧ್ಯಾಯಿನಿ ಬೈಯುವುದಕ್ಕೆಂದೇ ನನ್ನನ್ನು ಕರೆಸಿದ್ದರು. ಈಗ ಅವರೂ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದರು. ಕೊನೆಗೆ, ಇನ್ನು ಮುಂದೆ ಕೊಡೆಯಿಲ್ಲದೆ ಯಾರೂ ಗೇಟು ದಾಟಕೂಡದು ಎಂದಷ್ಟೇ ಹೇಳಿ ಕಳಿಸಿದರು. ಮಕ್ಕಳನ್ನು ಹೊರಗೆ ಕರೆದೊಯ್ಯಬಾರದು ಎನ್ನಲಿಲ್ಲ. ಅಂದಿದ್ದರೂ ನಾನು ವಾದಿಸುತ್ತಿದ್ದೆ. ಕಣ್ಣೆದುರು ಹರಿಯುವ ನೀರನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತ ಕೂರುವುದು ನನ್ನಿಂದಾಗದು.

ಮುಂದಿನ ಸಲ ಹೊರಟಾಗ ಆ ತಂದೆಯೂ ಬಂದರು, ಮನೆಯಲ್ಲಿದ್ದ ಕೊಡೆಗಳನ್ನೆಲ್ಲ ಕಂಕುಳಲ್ಲಿ ಅವುಚಿಕೊಂಡು. ತಿರುವಿನಲ್ಲಿ ನಿಂತು ಸ್ಕೂಟರುಗಳನ್ನು ತಡೆದು ಮಕ್ಕಳನ್ನು ದಾಟಿಸಿದರು. ದಿಣ್ಣೆಯ ಮೇಲೆ ಎರಡೂ ಕಡೆ ಕಣ್ಣಾಡಿಸಿ ಮಗಳತ್ತ ತಿರುಗಿದರು.

"ಈ ಕಡೆ ಪಕ್ಕದಲ್ಲೇ ಇರೋ ಚಿಕ್ಕಲಸಂದ್ರದೋರ ನೀರು ಕಾವೇರಿಗೆ ಹೋಗುತ್ತೆ. ನಮ್ಮದು ಮಾತ್ರ ಯಾಕೆ ಆ ಕಡೆ?"

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ಇಳಿಜಾರು ಅಪ್ಪ. ಅಷ್ಟೇ. ನೀರಿಗೆ ಇನ್ನೇನೂ ಗೊತ್ತಿಲ್ಲ."