ಗಂಜಿಗೆ ಕಟ್ಟಿದ ಬೇವು

ನನಗೆ ಚಿಕ್ಕಂದಿನಿಂದಲೂ ಉಬ್ಬಸ. ಒಗ್ಗರಣೆಯ ಘಾಟು ತಾಕಿದರೆ, ಮೋಡ ಮುಚ್ಚಿಕೊಂಡರೆ, ಪಕ್ಕದಲ್ಲಿ ಯಾರಾದರೂ ಕಂಬಳಿ ಕೊಡವಿದರೆ ಸಾಕು, ಎದೆಯಲ್ಲಿ ಗೊರಗೊರ ಶುರುವಾಗುತ್ತಿತ್ತು. ರಾಗಿ ಬೀಸಲು ಕೂತರಂತೂ ಮುಗಿಯಿತು. ಹಿಟ್ಟಿನ ಧೂಳು ಮೂಗಿಗೇರಿ ಅಲ್ಲೇ ಮುದುಡಿಕೊಳ್ಳುತ್ತಿದ್ದೆ. "ರಾಗಿ ಬೀಸಕ್ಕೆ ಬರ್ದಿರೋ ಸೊಸೇನ ತಂದ್ಕಂಡೆ, ನನ್ ಹಣೇಬರ" ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ನಾನೇನು ಬಾಯಿ ಸತ್ತವಳಲ್ಲ. "ಬೀಸೋ ಕಲ್ಲಿಗೇ ನಿಮ್ಮ ಮಗನ್ನ ಕೊಟ್ಟು ಮದ್ವೆ ಮಾಡ್ಬೇಕಿತ್ತು" ಎನ್ನುತ್ತಿದ್ದೆ.

ನಮ್ಮ ಮನೆಯ ರಾಗಿ ಬೀಸಿಕೊಡುತ್ತಿದ್ದವಳು ಎದುರು ಮನೆಯವಳು. ಕುರುಬರವಳು, ನನಗಿಂತ ಒಂದೆರಡು ವರ್ಷ ಚಿಕ್ಕವಳು. ಅವಳ ಗಂಡ ಒಳಗೆ ಕಂಬಳಿ ನೇಯುತ್ತಿದ್ದ, ಅವಳು ಜಗಲಿಯಲ್ಲಿ ಉಣ್ಣೆ ನೂಲುತ್ತಿದ್ದಳು. ಬೆಳಗಿನ ಜಾವ ಅವಳ ಕಲ್ಲಿನ ಸದ್ದು ಕೇಳಿಸಿದರೆ ನನಗೆ ಆ ದಿನದ ಊಟದ ಚಿಂತೆ ಇಲ್ಲ. ಪೇಟೆಯಲ್ಲಿ ನಮಗಿದ್ದ ಅಂಗಡಿಯಿಂದ ಅವಳಿಗೆ ಬೆಲ್ಲ, ಮೆಣಸಿನಕಾಯಿ ಹೋಗುತ್ತಿತ್ತು.

ಒಂದು ವರ್ಷ ನಮ್ಮ ಮಧುಗಿರಿಗೆ ಹೊಸ ಜ್ವರವೊಂದು ಬಂತು. ಪ್ಲೇಗು ಬಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ನಮಗೆ ಗೊತ್ತಿತ್ತು. ಈ ಜ್ವರ ಹೊಲಕ್ಕೂ ಬರುತ್ತಿತ್ತು. ಅದಕ್ಕೆ ಸ್ವಲ್ಪ ಮುಂಚೆ ನನ್ನ ಗಂಡ ಅಂಗಡಿಗೆ ಬೀಗ ಹಾಕಿ, ಅತ್ತೆಯನ್ನು ಕರೆದುಕೊಂಡು ನಾಗಲಮಡಿಕೆಗೆ, ನಾದಿನಿಯ ಬಾಣಂತನಕ್ಕೆ ಹೋಗಿದ್ದರು. ಅಲ್ಲಿ ಮನೆಮಂದಿಯೆಲ್ಲ ಇದೇ ಜ್ವರದಲ್ಲಿ ಮಲಗಿಬಿಟ್ಟರಂತೆ. ಗಾಡಿಯವನ ಬಾಯಲ್ಲಿ ಸುದ್ದಿ ಬಂತು, ಅವರು ಬರಲಿಲ್ಲ. ಆಸ್ಪತ್ರೆಯ ಡಾಕ್ಟರು ನನ್ನ ಎದೆಗೆ ಕೊಳವೆ ಇಟ್ಟು ನೋಡಿ, "ಈ ಜ್ವರ ಬಂದ್ರೆ ನಿಮ್ಮ ಎದೆ ತಡೆಯೋದಿಲ್ಲ. ಬಾಗಿಲು ಹಾಕಿಕೊಂಡು ಒಳಗಿರಿ. ಯಾರನ್ನೂ ಸೇರಿಸಬೇಡಿ" ಎಂದಿದ್ದರು. ಹಾಗೆಯೇ ಬಾಗಿಲು ಹಾಕಿಕೊಂಡು ಕೂತೆ.

ಮೊದಲಿಗೆ ಅಷ್ಟೇನೂ ಕಷ್ಟವಾಗಲಿಲ್ಲ. ರಾಗಿಯ ಕುಕ್ಕೆಯನ್ನು ಜಗಲಿಯ ಮೇಲಿಟ್ಟು ಒಳಗೆ ಬರುತ್ತಿದ್ದೆ. ಅವಳು ಬೀಸಿ ಅಲ್ಲೇ ತಂದಿಡುತ್ತಿದ್ದಳು. ಸಂಜೆ ಅವಳು ತನ್ನ ಜಗಲಿಯಲ್ಲಿ ನೂಲುತ್ತ, ನಾನು ಕಿಟಕಿಯಲ್ಲಿ ಕೂತು, ಬೀದಿಯ ಆಚೆ ಈಚೆ ಮಾತಾಡುತ್ತಿದ್ದೆವು. ಒಂದು ದಿನ ಅವಳ ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು. ಜ್ವರದ ಮನೆಯೆಂದು ತಿಳಿಯಲಿ ಎಂದು ಆಗ ಎಲ್ಲರೂ ಹಾಗೆ ಕಟ್ಟುತ್ತಿದ್ದರು.

"ನಮ್ಮನೇಗೆ ಬಂದ್ಬುಡ್ತು ಕಣಕ್ಕ. ನಮ್ಮೋರು ಎದ್ದೇಳಕ್ಕಾಗ್ದೆ ಮಲಗವ್ರೆ. ಇನ್ನ ನನ್ ಕೈಯಾಗಿನ ಹಿಟ್ಟು ಮುಟ್ಬ್ಯಾಡ" ಎಂದು ಅಲ್ಲಿಂದಲೇ ಕೂಗಿ ಒಳಗೆ ಹೋದಳು. ಅಂದಿನಿಂದ ಕಲ್ಲಿನ ಸದ್ದೂ ಇಲ್ಲ, ಸಂಜೆಯ ಮಾತೂ ಇಲ್ಲ.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ನನಗೇ ಮಾಡಿದ್ದು. ಮಣ್ಣಿನ ವಾಡೆಯ ತುಂಬ ರಾಗಿ, ಒಂದು ಹಿಡಿ ಹಿಟ್ಟಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡು ಬೀಸಲು ಹೋಗಿ ಎರಡು ದಿನ ಗೋಡೆಗೊರಗಿ ಉಸಿರಿಗಾಗಿ ಒದ್ದಾಡಿದೆ. ಆಮೇಲೆ ಹುರುಳಿ ಬೇಯಿಸಿ ತಿಂದೆ. ಬರೀ ಹುರುಳಿಯನ್ನು ಕುದುರೆ ತಡೆದುಕೊಳ್ಳಬಹುದು, ನನ್ನ ಹೊಟ್ಟೆ ತಡೆಯಲಿಲ್ಲ.

ಪೇಟೆಯ ದೊಡ್ಡವರು ಸೇರಿ ಗಂಜಿ ಬೇಯಿಸಿ, ಗಾಡಿಯಲ್ಲಿಟ್ಟು ಬೀದಿ ಬೀದಿಗೆ ಕಳಿಸುತ್ತಿದ್ದರು. ಗಾಡಿ ನಮ್ಮ ಬೀದಿಗೆ ಬಂದಾಗ ಕಿಟಕಿಯಿಂದ ಕೂಗಿದೆ. ಸೌಟು ಹಿಡಿದಿದ್ದ ಮುದುಕ ತಲೆಯೆತ್ತಿ, "ಜ್ವರ ಬಂದೋರ್ಗೆ ಮಾತ್ರ ಕಣಮ್ಮ. ಅಕ್ಕಿ ಸಾಲ್ದು. ನೀವು ಗಟ್ಟಿಯಾಗಿದ್ದೀರಿ, ನಿಮ್ ಗಂಟ್ಲು ಬೆಟ್ಟದ ಮ್ಯಾಕೂ ಕೇಳಿಸ್ತೈತೆ" ಎಂದ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ನನಗೆ ಬರಬೇಕಾದ ಗಂಜಿಯನ್ನು ಬಾಯಿಯೇ ತಪ್ಪಿಸಿತು. ಜ್ವರ ಬರದಿರಲೆಂದು ಒಳಗೆ ಕೂತವಳಿಗೆ, ಜ್ವರ ಬಂದಿಲ್ಲವೆಂದು ಗಂಜಿಯಿಲ್ಲ. ನನಗೆ ಸಿಟ್ಟು ಬಂತು. ಆಮೇಲೆ ಒಬ್ಬಳೇ ಕೂತು ಅತ್ತುಬಿಟ್ಟೆ.

ಮರುದಿನ ಬೆಳಗ್ಗೆ ಹಿತ್ತಲಿನ ಬೇವಿನ ಮರದಿಂದ ಒಂದು ಕೊಂಬೆ ಮುರಿದು ತಂದು ಬಾಗಿಲಿಗೆ ಕಟ್ಟಿದೆ. ರೋಗವಿಲ್ಲದೆ ಬೇವು ಕಟ್ಟಿದರೆ ರೋಗವನ್ನೇ ಕರೆದಂತೆ ಎಂದು ನನ್ನ ತಾಯಿ ಹೇಳುತ್ತಿದ್ದರು. ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಹಸಿವಿಗೆ ಕಟ್ಟಿದ್ದೇನೆ, ನಿನಗೆ ಗೊತ್ತಿರಲಿ, ಎಂದು ಹೇಳಿಕೊಂಡೆ. ಮಧ್ಯಾಹ್ನ ಗಾಡಿ ನಿಂತಿತು. ಜಗಲಿಯ ಮೇಲಿಟ್ಟಿದ್ದ ಚೆಂಬಿಗೆ ಮುದುಕ ಮೇಲಿನಿಂದಲೇ ಗಂಜಿ ಹೊಯ್ದು, ಒಂದು ಮಾತೂ ಆಡದೆ ಹೋದ. ಉಪ್ಪು ಹಾಕಿಕೊಂಡು ಕುಡಿದೆ. ಅಷ್ಟು ರುಚಿಯಾದ ಗಂಜಿಯನ್ನು ಮತ್ತೆಂದೂ ಕುಡಿದಿಲ್ಲ.

ಚೆಂಬು ಕೆಳಗಿಡುವಷ್ಟರಲ್ಲಿ ಬಾಗಿಲು ದಬದಬ ಬಡಿದ ಸದ್ದಾಯಿತು. ಎದುರು ಮನೆಯವಳು.

"ನಿಂಗೂ ಬಂದ್ಬುಡ್ತಾ ಅಕ್ಕ? ಈಗ ಸೊಪ್ಪು ನೋಡ್ದೆ, ಓಡ್ಬಂದೆ. ಬಾಗ್ಲು ತೆಗಿ. ಮೆಣಸಿನ ಕಷಾಯ ತಂದಿವ್ನಿ."

ಎದ್ದು ಬಾಗಿಲ ಹತ್ತಿರ ಹೋದೆ. ಅಗುಳಿಯ ಮೇಲೆ ನನ್ನ ಕೈ ಇತ್ತು.

"ಬಂದದ್ದು ಬಂದಾತು, ಇನ್ನ ನನ್ನಿಂದ ನಿಂಗೇನು ಭಯ? ಒಬ್ಳೇ ಬಿದ್ಕಂಡು ಹೆಂಗೆ ಸಾಯ್ತೀಯ, ತೆಗಿ!"

ತೆಗೆಯಬೇಕು ಅನ್ನಿಸಿತು, ತುಂಬ ಅನ್ನಿಸಿತು. ಮನುಷ್ಯರ ಮುಖವನ್ನು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ. ಜ್ವರ ಬರುವುದಾದರೆ ಬರಲಿ, ಇವಳೊಬ್ಬಳು ಒಳಗೆ ಬಂದು ಪಕ್ಕದಲ್ಲಿ ಕೂತರೆ ಸಾಕು ಎಂದು ಒಂದು ಗಳಿಗೆ ನಿಜವಾಗಿಯೂ ಅಂದುಕೊಂಡೆ. ಅಷ್ಟರಲ್ಲಿ ಹೊರಗೆ ಅವಳಿಗೆ ಕೆಮ್ಮು ಬಂತು. ಬಾಗಿಲಿಗೆ ಒರಗಿದ್ದಳೆಂದು ಕಾಣುತ್ತದೆ, ಅವಳು ಕೆಮ್ಮಿದಾಗಲೆಲ್ಲ ಹಲಗೆ ನನ್ನ ಕೈಗೆ ಅದುರುತ್ತಿತ್ತು.

"ಲೇ, ನಂಗೆ ಜ್ವರ ಬಂದಿಲ್ಲ ಕಣೇ" ಎಂದೆ. "ಗಂಜಿಗೆ ಅಂತ ಕಟ್ಟಿದ್ದು."

ಬೈಯುತ್ತಾಳೆ ಅಂದುಕೊಂಡೆ. ಅವಳು ನಕ್ಕಳು, ನಗು ಮತ್ತೆ ಕೆಮ್ಮಾಯಿತು.

"ಹಂಗಾದ್ರೆ ತೆಗೀಬ್ಯಾಡ. ನಾ ಯಾರ್ಗೂ ಹೇಳಕ್ಕಿಲ್ಲ" ಎಂದು ಹೊರಟುಹೋದಳು.

ಅದೇ ವಾರ ಅವಳ ಗಂಡ ತೀರಿಕೊಂಡ. ಹೆಣ ಎತ್ತಲು ಜನ ಸಿಗದೆ ಬಹಳ ಹೊತ್ತು ಬೀದಿಯಲ್ಲೇ ಇಟ್ಟಿದ್ದರು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಹೋಗಿ ಅವಳ ಕೈ ಹಿಡಿದುಕೊಳ್ಳಲಾಗಲಿಲ್ಲ.

ಅವಳಿಗೆ ಮಕ್ಕಳಿರಲಿಲ್ಲ. ಐ.ಡಿ.ಹಳ್ಳಿಯ ಕಡೆ ಕುರಿ ಕಾಯುತ್ತಿದ್ದ ಅಣ್ಣಂದಿರು ಗಾಡಿ ಕಟ್ಟಿಕೊಂಡು ಕರೆದೊಯ್ಯಲು ಬಂದರು. ರಾಗಿಕಲ್ಲನ್ನೂ ಗಾಡಿಗೆ ಹಾಕಿದರು. ಹೊರಡುವ ಮುಂಚೆ ಅವಳು ಬೀದಿ ದಾಟಿ ನಮ್ಮ ಮೆಟ್ಟಿಲ ಹತ್ತಿರ ಬಂದಳು. ಈ ಸಲ ನಾನು ಬಾಗಿಲು ತೆಗೆದೆ. ಅವಳ ಕೆನ್ನೆ ಬತ್ತಿತ್ತು, ಹಣೆ ಬರಿದಾಗಿತ್ತು.

"ಒಳಗೆ ಬಾರೇ" ಎಂದೆ.

"ಬ್ಯಾಡ ಕಣಕ್ಕ. ನನ್ ಮೈಯಾಗೆ ಇನ್ನೂ ಐತೋ ಏನೋ. ನೀ ಹಿಂದಕ್ಕೆ ಸರ್ಕೋ."

ನಾನು ನಡುಮನೆಯವರೆಗೂ ಸರಿದೆ. ಅವಳು ಜಗಲಿ ಹತ್ತಿ ಬಾಗಿಲ ಮೇಲಿನ ಸೊಪ್ಪನ್ನು ಮುಟ್ಟಿ ನೋಡಿದಳು. ಅದು ಒಣಗಿ ಉದುರುತ್ತಿತ್ತು. ತನ್ನ ಮನೆಯ ಬಾಗಿಲಿಗೆ ಹಿಂದಿನ ದಿನವಷ್ಟೇ ಕಟ್ಟಿದ್ದ ಹಸಿ ಬೇವನ್ನು ಬಿಚ್ಚಿ ತಂದು, ತುದಿಗಾಲಲ್ಲಿ ನಿಂತು, ನಮ್ಮ ಬಾಗಿಲಿಗೆ ಕಟ್ಟಿದಳು.

"ಒಣಗಿದ್ರೆ ಗಂಜಿಯೋರು ವಾಸಿಯಾಯ್ತು ಅಂದ್ಕಂತಾರೆ. ನಿಮ್ಮೋರು ಬರಗಂಟ ತೆಗೀಬ್ಯಾಡ" ಎಂದು ಹೇಳಿ, ನನ್ನ ಬಾಗಿಲನ್ನು ತಾನೇ ಎಳೆದು ಮುಚ್ಚಿದಳು.

ಗಾಡಿಯ ಸದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. ಅವಳನ್ನು ನಾನು ಮತ್ತೆ ನೋಡಲಿಲ್ಲ. ನನ್ನ ಗಂಡ ಬರುವವರೆಗೆ ಗಂಜಿ ಒಂದು ದಿನವೂ ತಪ್ಪಲಿಲ್ಲ. ಒಣಗುವ ಮುಂಚೆಯೇ ಹೊಸ ಕೊಂಬೆ ಕಟ್ಟುತ್ತಿದ್ದೆ, ಬೇವು ಹಸಿರಾಗಿಯೇ ಇತ್ತು. ಬೇರೆ ಯಾರೂ ನಮ್ಮ ಬಾಗಿಲು ಬಡಿಯಲಿಲ್ಲ.