ಘಾಟಬೋರಾಳದ ಮೊದಲ ಡಿಶ್

ಉಪಗ್ರಹ ಟಿವಿ ಕಂಪನಿಯೊಂದು ತಾನು ಬೆಳೆದುಬಂದ ಕಥೆ ಬರೆಯಲು ನನ್ನನ್ನು ನೇಮಿಸಿತ್ತು. ಹುಮನಾಬಾದ್ ತಾಲ್ಲೂಕಿನಲ್ಲಿ ಅವರ ಮೊದಲ ಡಿಶ್ ಇದ್ದದ್ದು ಘಾಟಬೋರಾಳದ ಶಾಂತಾಬಾಯಿಯವರ ಮಾಳಿಗೆ ಮೇಲೆ. ಕಚೇರಿಯಲ್ಲಿ ಪ್ರದರ್ಶನಕ್ಕಿಡಲು ಅದನ್ನು ಕೇಳಿ ತರಬೇಕಿತ್ತು. ಕೂರಿಸಿದವರು ಅವರ ಗಂಡನೇ. ಕಂಪನಿಯ ಫಿಟ್ಟರ್, ತೀರಿಕೊಂಡು ಆರು ವರ್ಷ.

"ಹೊಸಾದು ಕೊಡ್ತಾರ್ರಿ, ಇದನ್ನ ಕೊಟ್ಟುಬಿಡ್ರಿ," ಅಂದೆ.

"ಇದನ್ನ ಒಯ್ದ್ರ ನಮ್ಮ ಮನಿಯವ್ರು ಎಲ್ಲಿಗಿ ಬರಬೇಕವ್ವಾ?"

ನಾನು ನಕ್ಕೆ. ಅಷ್ಟರಲ್ಲಿ ಟಿವಿಯ ಚಿತ್ರ ಚೂರುಚೂರಾಗಿ ನಿಂತುಹೋಯಿತು. ಮಾಳಿಗೆ ಮೇಲೆ ಯಾರೋ ನಡೆದ ಸದ್ದು. ಶಾಂತಾಬಾಯಿ ರೊಟ್ಟಿ ಬಡಿಯುತ್ತಲೇ ಮುಖ ಎತ್ತಿ ಕೂಗಿದರು: "ಬಂದಿಲ್ರೀ... ಇನ್ನಷ್ಟು ತಿರುವ್ರಿ... ಹಾಂ, ಬಂತು, ಬಿಗೀರಿ!"

ಡಿಶ್ ಕೂರಿಸುವಾಗ ಒಳಗಿದ್ದವರು ಮೇಲಿದ್ದವರಿಗೆ ಕೂಗಿ ಹೇಳುವುದು ಹೀಗೆಯೇ. ಚಿತ್ರ ನಿಚ್ಚಳವಾಗಿ ಬಂದಿತ್ತು.

ಏಣಿ ಹತ್ತಿ ನೋಡಿದೆ. ಯಾರೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಡಿಶ್ಶಿನ ಕಂಬಕ್ಕೆ ತೂಗುಹಾಕಿದ್ದ, ನಟ್ಟು ಬಿಗಿಯುವ ಪಾನಾ ಮಾತ್ರ ಇನ್ನೂ ಓಲಾಡುತ್ತಿತ್ತು.

"ಕಂಡ್ರೇನವ್ವಾ?" ಕೆಳಗಿನಿಂದ ಕೇಳಿದರು.

"ಇಲ್ರಿ."

"ನನಗೂ ಒಂದಿನಾ ಕಂಡಿಲ್ಲ."

ಡಿಶ್ ಬಿಟ್ಟು ಬಂದೆ. ಪುಸ್ತಕದ ಕೊನೆಗೆ ಹಾಲಿ ನೌಕರರದೊಂದು ಪಟ್ಟಿ, ತೀರಿಕೊಂಡವರದೊಂದು ಪಟ್ಟಿ ಇದೆ. ಅವರ ಗಂಡನ ಹೆಸರನ್ನು ಹಾಲಿಯವರ ಪಟ್ಟಿಗೇ ಸೇರಿಸಿದೆ. ಕಂಪನಿಯಲ್ಲಿ ಯಾರೂ ತಕರಾರು ತೆಗೆಯಲಿಲ್ಲ.